ವಿದ್ಯಾರ್ಥಿ ಗಿರಾಕಿಯೂ ಅಂಗಡಿಯ ಸ್ಥಾನನಿರ್ಣಯವೂ: ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳನ್ನು ಕುರಿತ ಒಂದು ವಿಚಾರ

ಪೀಠಿಕೆ

ಊರಿನಲ್ಲಿ ಒಂದು ಕಾಲೇಜು ಸ್ಥಾಪಿತವಾದೊಡನೆ ಅದರ ಸುತ್ತಮುತ್ತ ಅಂಗಡಿಗಳು ತಲೆಯೆತ್ತುವುದು ಸರ್ವವಿದಿತವಾದ ಸಂಗತಿ. ಮೊದಲು ಒಂದು ಚಹಾದ ಅಂಗಡಿ ಬರುತ್ತದೆ. ಅನಂತರ ಝೆರಾಕ್ಸ್ ಅಂಗಡಿ, ಖಾನಾವಳಿ, ನೋಟುಪುಸ್ತಕದ ಮಳಿಗೆ, ಕ್ಷೌರದ ಅಂಗಡಿ, ಮೊಬೈಲ್ ರಿಪೇರಿಯ ಅಂಗಡಿ, ಬಾಡಿಗೆಯ ಕೊಠಡಿಗಳು ಒಂದರ ಹಿಂದೆ ಒಂದು ಬರುತ್ತವೆ. ಇವುಗಳಲ್ಲಿ ಕೆಲವು ನೆಲೆಯೂರುತ್ತವೆ. ಕೆಲವು ಎರಡು ಮೂರು ವರ್ಷಗಳೊಳಗೆ ಬಾಗಿಲು ಹಾಕುತ್ತವೆ. ಬಾಗಿಲು ಹಾಕಿದ ಮಳಿಗೆಗೆ ಮತ್ತೊಬ್ಬರು ಬಂದು ಕೂಡುವುದರಿಂದ ಬೀದಿಯಲ್ಲಿ ನಡೆಯುವವರಿಗೆ ಈ ನಷ್ಟ ಕಾಣುವುದಿಲ್ಲ. ಹೋದವರ ಮನೆಯಲ್ಲಿ ಮಾತ್ರ ಅದು ಬಹುಕಾಲ ಉಳಿಯುತ್ತದೆ. ಒಡವೆ ಅಡವಿಟ್ಟು ತಂದ ಮುಂಗಡ, ಕೈಸಾಲ ಮಾಡಿ ಕೊಂಡ ಯಂತ್ರ, ವಸೂಲಾಗದ ಉದ್ರಿ, ಇವೆಲ್ಲವೂ ಆ ಕುಟುಂಬದ ಹೊರೆಯಾಗಿ ನಿಲ್ಲುತ್ತವೆ. ಇಂಥ ಕುಟುಂಬದ ಮಕ್ಕಳೇ ಅನೇಕ ವೇಳೆ ನಮ್ಮ ತರಗತಿಗಳಲ್ಲಿ ಕುಳಿತಿರುತ್ತಾರೆಂಬುದನ್ನು ನೆನೆದರೆ, ಈ ಪ್ರಶ್ನೆ ವ್ಯಾಪಾರಿಗಳಿಗೆ ಮಾತ್ರ ಸಂಬಂಧಿಸಿದುದೆಂದು ಹೇಳಲಾಗದು.

ವಿದ್ಯಾರ್ಥಿಗಳನ್ನು ನಂಬಿ ಹೂಡುವ ಅಂಗಡಿಗೆ ಸ್ಥಳವನ್ನು ಹೇಗೆ ಆರಿಸಬೇಕು ಎಂಬುದನ್ನು ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳ ನಿದರ್ಶನದಿಂದ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪ್ರತಿಪಾದಿಸುವ ಮುಖ್ಯ ವಿಚಾರ ಒಂದೇ: ವಿದ್ಯಾರ್ಥಿಗಳು ಎಲ್ಲಿ ಓದುತ್ತಾರೆಂಬುದಕ್ಕಿಂತ ಅವರು ಎಲ್ಲಿ ನಿಲ್ಲುತ್ತಾರೆ, ಅವರಿಲ್ಲದ ತಿಂಗಳುಗಳಲ್ಲಿ ಅದೇ ಜಾಗದಲ್ಲಿ ಇನ್ನಾರು ನಿಲ್ಲುತ್ತಾರೆ ಎಂಬುದರ ಮೇಲೆ ಅಂಗಡಿಯ ಬಾಳಿಕೆ ನಿಂತಿದೆ.

೧. ದಂಡಿನ ಪೇಟೆಯ ಪಾಠ

ಒಂದೇ ಬಗೆಯ ಗಿರಾಕಿಯನ್ನು ನಂಬಿ ಬೆಳೆದ ಪೇಟೆ ಬಳ್ಳಾರಿಗೆ ಹೊಸದಲ್ಲ. ೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಈ ಪ್ರಾಂತವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿಯಲ್ಲಿ ಸೈನ್ಯದ ದಂಡು ನೆಲೆಗೊಂಡಿತು. ಕೋಟೆಯ ಹೊರಗೆ ಬೆಳೆದ ಭಾಗಗಳಲ್ಲಿ ಬ್ರೂಸ್‌ಪೇಟೆಯೂ ಕೌಲ್ ಬಜಾರೂ ಪ್ರಮುಖವಾದವು. ಕೌಲ್ ಬಜಾರು ದಂಡಿಗೆ ಹತ್ತಿಕೊಂಡು ಬೆಳೆದ ಪೇಟೆ. ಸೈನಿಕರಿಗೂ ಅವರ ಪರಿವಾರಕ್ಕೂ ಬೇಕಾದ ಧಾನ್ಯ, ಬಟ್ಟೆ, ಹೊಲಿಗೆ, ಪಾದರಕ್ಷೆ ಮೊದಲಾದುವನ್ನು ಒದಗಿಸುವುದು ಅದರ ಕಸುಬಾಗಿತ್ತು. ಆ ಗಿರಾಕಿಗೆ ತಿಂಗಳ ಸಂಬಳವಿತ್ತು, ಹೊತ್ತಿಗೆ ಸರಿಯಾದ ದಿನಚರಿಯಿತ್ತು, ಆದರೆ ಊರಿನಲ್ಲಿ ಬೇರಿರಲಿಲ್ಲ. ಆಜ್ಞೆ ಬಂದರೆ ಪಲ್ಟಣವೆಲ್ಲ ಹೊರಟುಹೋಗುತ್ತಿತ್ತು.

ಕಾಲಕ್ರಮದಲ್ಲಿ ದಂಡಿನ ಮಹತ್ತ್ವ ಕುಗ್ಗಿತು. ಕೌಲ್ ಬಜಾರು ಮಾತ್ರ ಉಳಿಯಿತು. ಅಲ್ಲಿಯ ವ್ಯಾಪಾರವು ಸೈನಿಕನನ್ನು ಬಿಟ್ಟು ಊರಿನ ನಿವಾಸಿಯತ್ತ ತಿರುಗಿಕೊಂಡುದೇ ಇದಕ್ಕೆ ಕಾರಣ. ಇಂದು ಬಳ್ಳಾರಿಗೆ ಹೆಸರು ತಂದಿರುವ ಜೀನ್ಸ್ ಉಡುಪುಗಳ ಉದ್ಯಮದ ಮೂಲವನ್ನು ದಂಡಿನವರಿಗೆ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಲ್ಲಿ ಗುರುತಿಸುವುದುಂಟು. ಗಿರಾಕಿ ಬದಲಾದಾಗ ಸೂಜಿ ಬದಲಾಗದೆ ಬಟ್ಟೆ ಮಾತ್ರ ಬದಲಾಯಿತೆಂದು ಇದನ್ನು ಅರ್ಥಮಾಡಬಹುದು. ದಂಡುಪ್ರದೇಶದಲ್ಲಿ ಈಗ ವಿಶ್ವವಿದ್ಯಾಲಯವೂ ಕಾಲೇಜುಗಳೂ ನೆಲೆಸಿವೆ. ವಿದ್ಯಾರ್ಥಿಯೂ ಸೈನಿಕನಂತೆಯೇ ಗುಂಪಾಗಿ ಬರುವ, ಗೊತ್ತಾದ ಹೊತ್ತಿಗೆ ಹಸಿಯುವ, ಗೊತ್ತಾದ ದಿನ ಹೊರಟುಹೋಗುವ ಗಿರಾಕಿ. ದಂಡಿನ ಪೇಟೆ ಕಲಿಸಿದ ಪಾಠ ಕಾಲೇಜು ಪೇಟೆಗೂ ಅನ್ವಯಿಸುತ್ತದೆ.

೨. ಶಾಸ್ತ್ರಕಾರರು ಹೇಳಿರುವುದು

ಅಂಗಡಿ ಎಲ್ಲಿರಬೇಕೆಂಬ ಪ್ರಶ್ನೆಯನ್ನು ಕುರಿತು ಅರ್ಥಶಾಸ್ತ್ರಜ್ಞರೂ ಭೂಗೋಲಶಾಸ್ತ್ರಜ್ಞರೂ ಇಪ್ಪತ್ತನೆಯ ಶತಮಾನದಲ್ಲಿ ಗಂಭೀರವಾಗಿ ವಿಚಾರ ಮಾಡಿದ್ದಾರೆ. ಅವರಲ್ಲಿ ಮೂವರ ಮತಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ.

ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ ೧೯೩೩ರಲ್ಲಿ ಪ್ರಕಟಿಸಿದ ಕೇಂದ್ರಸ್ಥಳ ಸಿದ್ಧಾಂತದಲ್ಲಿ ಎರಡು ಅಳತೆಗಳಿವೆ. ಒಂದು ಅಂಗಡಿ ನಡೆಯಬೇಕಾದರೆ ಕನಿಷ್ಠ ಎಷ್ಟು ಗಿರಾಕಿಗಳು ಬೇಕು ಎಂಬುದು ಮೊದಲನೆಯದು. ಆ ಸರಕಿಗಾಗಿ ಗಿರಾಕಿ ಹೆಚ್ಚೆಂದರೆ ಎಷ್ಟು ದೂರ ಬಂದಾನು ಎಂಬುದು ಎರಡನೆಯದು. ಚಹಾಕ್ಕೆ ಕನಿಷ್ಠ ಗಿರಾಕಿ ಸಂಖ್ಯೆ ಚಿಕ್ಕದು, ದೂರವೂ ಚಿಕ್ಕದು. ಒಂದು ಲೋಟ ಚಹಾಕ್ಕಾಗಿ ಯಾರೂ ಎರಡು ಮೈಲಿ ನಡೆಯುವುದಿಲ್ಲ. ವೈದ್ಯಕೀಯ ಅಥವಾ ಎಂಜಿನಿಯರಿಂಗ್ ಪಠ್ಯಪುಸ್ತಕಗಳ ಅಂಗಡಿಗೆ ದೂರದಿಂದಲೂ ಗಿರಾಕಿ ಬಂದಾನು, ಆದರೆ ಅದಕ್ಕೆ ಬೇಕಾದ ಗಿರಾಕಿ ಸಂಖ್ಯೆ ದೊಡ್ಡದು. ಆದುದರಿಂದ ಮೊದಲನೆಯ ಬಗೆಯ ಅಂಗಡಿ ಎಲ್ಲ ಊರುಗಳಲ್ಲಿಯೂ ನಡೆಯುತ್ತದೆ. ಎರಡನೆಯದು ದೊಡ್ಡ ನಗರದಲ್ಲಿ ಮಾತ್ರ ನಡೆಯುತ್ತದೆ.

ಅಮೆರಿಕದ ವಿಲಿಯಂ ರೈಲಿ ೧೯೩೧ರಲ್ಲಿ ಚಿಲ್ಲರೆ ವ್ಯಾಪಾರದ ಆಕರ್ಷಣ ನಿಯಮವನ್ನು ನಿರೂಪಿಸಿದನು. ಎರಡು ಊರುಗಳು ನಡುವಣ ಗ್ರಾಮವನ್ನು ತಮ್ಮತ್ತ ಸೆಳೆಯುವ ಬಲವು ಅವುಗಳ ಜನಸಂಖ್ಯೆಗೆ ಅನುಗುಣವಾಗಿಯೂ, ದೂರದ ವರ್ಗಕ್ಕೆ ವಿಲೋಮವಾಗಿಯೂ ಇರುತ್ತದೆಂಬುದು ಅದರ ತಾತ್ಪರ್ಯ. ೨೦೧೧ರ ಜನಗಣತಿಯಂತೆ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷವನ್ನು ಮೀರಿತ್ತು; ಸಿರುಗುಪ್ಪದ್ದು ಐವತ್ತು ಸಾವಿರದ ಆಸುಪಾಸಿನಲ್ಲಿತ್ತು. ಎಂಟಕ್ಕೆ ಒಂದು ಎಂಬ ಈ ಪ್ರಮಾಣವನ್ನು ಸೂತ್ರದಲ್ಲಿ ಇಟ್ಟು ನೋಡಿದರೆ, ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ದಾರಿಯಲ್ಲಿ ಸುಮಾರು ಮುಕ್ಕಾಲು ಭಾಗದವರೆಗೆ ಬಳ್ಳಾರಿಯ ಸೆಳೆತವೂ, ಉಳಿದ ಕಾಲು ಭಾಗದಲ್ಲಿ ಮಾತ್ರ ಸಿರುಗುಪ್ಪದ ಸೆಳೆತವೂ ಮೇಲಾಗುತ್ತದೆ. ಈ ಲೆಕ್ಕ ಸ್ಥೂಲವಾದುದು. ಆದರೆ ಎರಡು ಊರುಗಳ ನಡುವೆ ಹೆದ್ದಾರಿಯಲ್ಲಿ ಇರುವ ಒಂದು ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳು ಬಟ್ಟೆ, ಮೊಬೈಲು, ಪುಸ್ತಕಗಳಿಗೆ ಯಾವ ಕಡೆಗೆ ಮುಖ ಮಾಡುವರೆಂಬುದನ್ನು ಅದು ಸೂಚಿಸುತ್ತದೆ.

ಮೂರನೆಯವನು ೧೯೨೯ರಲ್ಲಿ ಬರೆದ ಹೆರಾಲ್ಡ್ ಹೊಟೆಲಿಂಗ್. ಒಂದೇ ಬೀದಿಯಲ್ಲಿ ಒಂದೇ ಸರಕನ್ನು ಮಾರುವ ಇಬ್ಬರು, ಒಬ್ಬರ ಗಿರಾಕಿಯನ್ನು ಮತ್ತೊಬ್ಬರು ಸೆಳೆಯುವ ಯತ್ನದಲ್ಲಿ, ಕೊನೆಗೆ ಬೀದಿಯ ನಡುವೆ ಅಕ್ಕಪಕ್ಕದಲ್ಲಿ ಬಂದು ನಿಲ್ಲುತ್ತಾರೆಂದು ಅವನು ತೋರಿಸಿಕೊಟ್ಟನು. ಬಳ್ಳಾರಿಯ ಸಂಜೆಯ ಬೀದಿಗಳಲ್ಲಿ ಒಗ್ಗರಣೆ-ಮಿರ್ಚಿಯ ಬಂಡಿಗಳು ಸಾಲಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣವೂ ಉಂಟು: ಹತ್ತು ಬಂಡಿಗಳು ಒಂದೆಡೆ ಇದ್ದರೆ ತಿನ್ನುವವನು ಆ ಬೀದಿಯನ್ನೇ ಹುಡುಕಿಕೊಂಡು ಬರುತ್ತಾನೆ. ಹೋಲಿಸಿ ನೋಡಿ ಕೊಳ್ಳುವ ಸರಕುಗಳಿಗೆ ಪ್ರತಿಸ್ಪರ್ಧಿಯ ನೆರೆ ಲಾಭದಾಯಕ. ಅವಸರದಲ್ಲಿ ಕೊಳ್ಳುವ ಪೆನ್ನು, ಝೆರಾಕ್ಸ್ ಮೊದಲಾದುವಕ್ಕೆ ಅದು ಹಾನಿಕರ.

೩. ವಿದ್ಯಾರ್ಥಿಗಳ ಸಂಖ್ಯೆ ಎಂಬ ಭ್ರಮೆ

ಅಂಗಡಿ ಹಾಕುವವನು ಮೊದಲು ಕೇಳುವ ಪ್ರಶ್ನೆ, ಇಲ್ಲಿ ಎಷ್ಟು ಮಂದಿ ವಿದ್ಯಾರ್ಥಿಗಳಿದ್ದಾರೆ ಎಂಬುದು. ಇದಕ್ಕೆ ದೊರೆಯುವ ಉತ್ತರ ಅನೇಕ ವೇಳೆ ದಾರಿತಪ್ಪಿಸುವಂತಿರುತ್ತದೆ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವನ್ನೇ ನೋಡೋಣ. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದ ಹಿನ್ನೆಲೆಯಿಂದ ಬಂದು ೨೦೧೦ರಲ್ಲಿ ಸ್ವತಂತ್ರವಾಗಿ ಸ್ಥಾಪಿತವಾದ ಈ ಸಂಸ್ಥೆ ಸಂಯೋಜಕ ವಿಶ್ವವಿದ್ಯಾಲಯ. ಅಂದರೆ ಹಲವು ತಾಲೂಕುಗಳಲ್ಲಿ ಹರಡಿರುವ ಪದವಿ ಕಾಲೇಜುಗಳ ವಿದ್ಯಾರ್ಥಿಗಳೆಲ್ಲರೂ ಲೆಕ್ಕದಲ್ಲಿ ಅದರ ವಿದ್ಯಾರ್ಥಿಗಳೇ. ಅವರಲ್ಲಿ ಬಹುಮಂದಿ ತಮ್ಮ ಕಾಲೇಜಿರುವ ಊರಿನಲ್ಲಿಯೇ ಓದಿ ಪದವಿ ಪಡೆಯುತ್ತಾರೆ; ಬಳ್ಳಾರಿಯ ಜ್ಞಾನಸಾಗರ ಆವರಣಕ್ಕೆ ನಿತ್ಯವೂ ಬರುವವರು ಮುಖ್ಯವಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳೂ ಸಂಶೋಧಕರೂ ಮಾತ್ರ. ಒಟ್ಟು ದಾಖಲಾತಿಯನ್ನು ಕೇಳಿ ಆವರಣದ ಬಾಗಿಲಲ್ಲಿ ಮಳಿಗೆ ಹಿಡಿಯುವವನು, ಸಿರುಗುಪ್ಪದಲ್ಲಿ ಓದುವವನನ್ನೂ ತನ್ನ ಗಿರಾಕಿಯೆಂದು ಎಣಿಸಿದಂತಾಗುತ್ತದೆ.

ಈ ಒಟ್ಟು ಸಂಖ್ಯೆ ಸರ್ಕಾರದ ಒಂದು ನಿರ್ಣಯದಿಂದ ಬದಲಾಗಬಲ್ಲುದು. ೨೦೨೩ರಲ್ಲಿ ಕೊಪ್ಪಳ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿದಾಗ ಬಳ್ಳಾರಿ ವಿಶ್ವವಿದ್ಯಾಲಯದ ವ್ಯಾಪ್ತಿ ಕಿರಿದಾಯಿತು. ದಾಖಲೆಯಲ್ಲಿ ಇದು ದೊಡ್ಡ ಬದಲಾವಣೆ. ಆವರಣದ ಮುಂದಿನ ಚಹಾದ ಅಂಗಡಿಗೆ ಇದರಿಂದ ಆದ ವ್ಯತ್ಯಾಸ ಅಲ್ಪ. ಎಣಿಸಬೇಕಾದುದು ನಿತ್ಯ ಬಂದು ಹೋಗುವ ತಲೆಗಳನ್ನು.

ಆವರಣವು ಊರಿಗೆ ಯಾವ ಸಂಬಂಧದಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಕರ್ನಾಟಕದಲ್ಲಿ ಮೂರು ಬಗೆಗಳು ಕಾಣಬರುತ್ತವೆ. ಮೈಸೂರಿನ ಮಾನಸಗಂಗೋತ್ರಿಯಂತೆ ನಗರದೊಳಗೆ ಬೆರೆತುಕೊಂಡಿರುವುದು ಒಂದು ಬಗೆ. ಅಲ್ಲಿ ವಿದ್ಯಾರ್ಥಿಯ ಬೀದಿಯೂ ಗೃಹಸ್ಥರ ಬೀದಿಯೂ ಒಂದೇ. ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಂತೆ ನಗರದಿಂದ ದೂರದಲ್ಲಿರುವುದು ಎರಡನೆಯ ಬಗೆ. ಅಲ್ಲಿ ವಿದ್ಯಾರ್ಥಿಯೇ ಮುಖ್ಯ ಗಿರಾಕಿ. ಮಣಿಪಾಲದಂತೆ ವಿದ್ಯಾಸಂಸ್ಥೆಯೇ ಊರನ್ನು ಹುಟ್ಟಿಸಿದುದು ಮೂರನೆಯ ಬಗೆ. ಮೂರನೆಯದು ಅಪರೂಪ, ಅದಕ್ಕೆ ಆಸ್ಪತ್ರೆ, ನೌಕರವರ್ಗ, ದೂರದೇಶದ ವಿದ್ಯಾರ್ಥಿಗಳು, ಹಲವು ದಶಕಗಳ ಕಾಲಾವಕಾಶ ಇವೆಲ್ಲ ಬೇಕು. ಎರಡನೆಯ ಬಗೆಯ ಆವರಣದ ಮುಂದೆ ಮೂರನೆಯ ಬಗೆಯ ಊರನ್ನು ಕನಸುಕಂಡು ಮಳಿಗೆ ಕಟ್ಟುವುದೇ ಈ ವ್ಯಾಪಾರದಲ್ಲಿ ದೊಡ್ಡ ಅಪಾಯ.

೪. ವಿದ್ಯಾರ್ಥಿಯಲ್ಲಿ ಮೂರು ವರ್ಗ

ಗಿರಾಕಿಯ ದೃಷ್ಟಿಯಿಂದ ವಿದ್ಯಾರ್ಥಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು: ವಸತಿನಿಲಯದವರು, ಕೊಠಡಿ ಹಿಡಿದವರು, ನಿತ್ಯ ಪ್ರಯಾಣಿಕರು.

ಸಮಾಜಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳ ವಸತಿನಿಲಯಗಳಲ್ಲಿ ಇರುವವರಿಗೆ ಊಟ ಅಲ್ಲಿಯೇ ದೊರೆಯುತ್ತದೆ. ಅವರು ಖಾನಾವಳಿಗೆ ಗಿರಾಕಿಗಳಲ್ಲ. ಸಂಜೆಯ ತಿಂಡಿ, ಝೆರಾಕ್ಸ್, ಕ್ಷೌರ, ಮೊಬೈಲ್ ರಿಪೇರಿ ಇವಕ್ಕೆ ಗಿರಾಕಿಗಳು. ಕೊಠಡಿ ಹಿಡಿದವರು ದಿನಸಿ, ತರಕಾರಿ, ತಿಂಗಳ ಊಟ, ಬಕೆಟ್ಟು, ಚಾಪೆ, ಇಸ್ತ್ರಿ ಎಲ್ಲಕ್ಕೂ ಗಿರಾಕಿಗಳು; ಅವರ ಖರೀದಿ ಕೊಠಡಿಯ ಸಮೀಪದಲ್ಲಿ ನಡೆಯುತ್ತದೆಯೇ ಹೊರತು ಕಾಲೇಜಿನ ಬಾಗಿಲಲ್ಲಿ ನಡೆಯುವುದಿಲ್ಲ. ನಿತ್ಯ ಪ್ರಯಾಣಿಕರ ಖರೀದಿ ಬಸ್ ನಿಲ್ದಾಣದಲ್ಲಿ, ಬಸ್ಸಿಗೆ ಕಾಯುವ ಕಾಲು ಅಥವಾ ಅರ್ಧ ಗಂಟೆಯೊಳಗೆ ಮುಗಿಯಬೇಕು. ಅವರಿಗೆ ಮಾರುವವನು ಕುಳ್ಳಿರಿಸಿ ಬಡಿಸುವ ವ್ಯವಸ್ಥೆಗಿಂತ ಕೈಗೆ ಕೊಟ್ಟು ಕಳುಹಿಸುವ ವ್ಯವಸ್ಥೆಯನ್ನು ಮಾಡಿಕೊಳ್ಳುವುದು ಲೇಸು.

ಈ ವರ್ಗಗಳ ಪರಸ್ಪರ ಪ್ರಮಾಣ ಸ್ಥಿರವಾದುದಲ್ಲ. ೨೦೨೩ರ ಜೂನ್ ೧೧ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಬಂದು ಓದುವ ಹೆಣ್ಣುಮಗಳಿಗೆ ಕೊಠಡಿಯ ಬಾಡಿಗೆಗಿಂತ ದಿನವೂ ಮನೆಗೆ ಮರಳುವುದು ಇದರಿಂದ ಸುಲಭವಾಗುತ್ತದೆ. ಒಬ್ಬಳು ಕೊಠಡಿ ಬಿಟ್ಟು ಬಸ್ಸು ಹಿಡಿದರೆ, ಕೊಠಡಿಯ ಬಳಿಯ ದಿನಸಿ ಅಂಗಡಿ ಒಂದು ಗಿರಾಕಿಯನ್ನು ಕಳೆದುಕೊಂಡು ಬಸ್ ನಿಲ್ದಾಣದ ಅಂಗಡಿ ಒಂದು ಗಿರಾಕಿಯನ್ನು ಗಳಿಸುತ್ತದೆ. ಸಾರಿಗೆಯ ದರದಲ್ಲಿ ಆಗುವ ವ್ಯತ್ಯಾಸ ಹೀಗೆ ಅಂಗಡಿಗಳ ನಕ್ಷೆಯನ್ನೇ ತಿದ್ದಬಲ್ಲುದು.

ಕೊಳ್ಳುವ ಶಕ್ತಿಯನ್ನೂ ಅಳೆಯಬೇಕು. ಸರ್ಕಾರಿ ವಸತಿನಿಲಯದಲ್ಲಿ ಸ್ಥಾನ ದೊರೆಯದ ಹಿಂದುಳಿದ ವರ್ಗದ ವಿದ್ಯಾರ್ಥಿಗಳ ಊಟ-ವಸತಿಗಾಗಿ ವಿದ್ಯಾಸಿರಿ ಯೋಜನೆ ೨೦೧೩–೧೪ರಲ್ಲಿ ಆರಂಭವಾದಾಗ ಗೊತ್ತುಮಾಡಿದ ಸಹಾಯಧನ ತಿಂಗಳಿಗೆ ೧,೫೦೦ ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ದಿನಕ್ಕೆ ಐವತ್ತು ರೂಪಾಯಿಯಲ್ಲಿ ಊಟವೂ ವಸತಿಯೂ ಆಗಬೇಕೆಂದು ಇದರ ಅರ್ಥ. ಇಂಥ ವಿದ್ಯಾರ್ಥಿಯನ್ನು ಎದುರಿಟ್ಟುಕೊಂಡು ಲೆಕ್ಕಹಾಕಿದಾಗ, ಅಲಂಕಾರಕ್ಕೆ ಹಣ ಸುರಿದು ಬೆಲೆಯೇರಿಸುವ ಉಪಾಹಾರ ಮಂದಿರಕ್ಕಿಂತ ಅನ್ನ, ರೊಟ್ಟಿ, ಪಲ್ಯಗಳ ಸರಳ ಖಾನಾವಳಿಗೆ ಏಕೆ ಬಾಳಿಕೆ ಹೆಚ್ಚೆಂಬುದು ವಿಶದವಾಗುತ್ತದೆ.

೫. ಬಾಡಿಗೆಗೆ ಹನ್ನೆರಡು ತಿಂಗಳು, ಗಿರಾಕಿಗೆ ಆರು

ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮದಂತೆ ವರ್ಷಕ್ಕೆ ಕನಿಷ್ಠ ೧೮೦ ದಿನಗಳ ಬೋಧನೆ ನಡೆಯಬೇಕು. ಪರೀಕ್ಷೆಯ ದಿನಗಳನ್ನು ಸೇರಿಸಿದರೂ ವರ್ಷದಲ್ಲಿ ಹಲವು ತಿಂಗಳು ಆವರಣ ಬರಿದಾಗಿರುತ್ತದೆ. ಬಾಡಿಗೆಯಾದರೋ ಹನ್ನೆರಡು ತಿಂಗಳೂ ಸಲ್ಲತಕ್ಕುದು. ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು.

ಆವರಣದ ಬಾಗಿಲಲ್ಲಿ ಒಂದು ಮಳಿಗೆಯ ಬಾಡಿಗೆ ತಿಂಗಳಿಗೆ ೧೨,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ ೧,೪೪,೦೦೦ ರೂಪಾಯಿ ಆಗುತ್ತದೆ. ವ್ಯಾಪಾರ ನಡೆಯುವುದು ೧೮೦ ದಿನ ಮಾತ್ರವಾದರೆ ದಿನವೊಂದಕ್ಕೆ ಬೀಳುವ ಬಾಡಿಗೆ ೮೦೦ ರೂಪಾಯಿ. ಬಸ್ ನಿಲ್ದಾಣದ ರಸ್ತೆಯಲ್ಲಿ ಅಂಥದೇ ಮಳಿಗೆಗೆ ೧೮,೦೦೦ ರೂಪಾಯಿ ಎಂದಾದರೆ ವರ್ಷಕ್ಕೆ ೨,೧೬,೦೦೦ ರೂಪಾಯಿ. ಅಲ್ಲಿ ೩೬೦ ದಿನ ವ್ಯಾಪಾರ ನಡೆಯುವುದರಿಂದ ದಿನದ ಬಾಡಿಗೆ ೬೦೦ ರೂಪಾಯಿ. ಸಾಮಾನು, ಕೂಲಿ, ಉರುವಲುಗಳ ಖರ್ಚು ಕಳೆದು ಒಂದು ಊಟಕ್ಕೆ ಹತ್ತು ರೂಪಾಯಿ ಉಳಿಯುವುದಾದರೆ, ಮೊದಲನೆಯ ಖಾನಾವಳಿ ಬಾಡಿಗೆಗೆಂದೇ ದಿನಕ್ಕೆ ೮೦ ಊಟ ಮಾರಬೇಕು. ಎರಡನೆಯದಕ್ಕೆ ೬೦ ಊಟ ಸಾಕು. ತಿಂಗಳ ಲೆಕ್ಕದಲ್ಲಿ ಅಗ್ಗವಾಗಿ ಕಂಡುದು ದಿನದ ಲೆಕ್ಕದಲ್ಲಿ ದುಬಾರಿಯಾಯಿತು. ರಜಾ ದಿನಗಳಲ್ಲಿ ಆವರಣದ ಮಳಿಗೆಗೆ ನೌಕರರೂ ದಾರಿಹೋಕರೂ ಬರುವುದಾದರೆ ಅಂತರ ತಗ್ಗುತ್ತದೆ. ಹಾಗೆ ಬರುವರೇ ಎಂಬುದನ್ನು ಮಳಿಗೆ ಹಿಡಿಯುವ ಮೊದಲೇ ಒಂದು ಭಾನುವಾರ ಹಾಗೂ ಒಂದು ಬೇಸಗೆಯ ದಿನ ಅಲ್ಲಿ ನಿಂತು ನೋಡಿ ತಿಳಿಯಬೇಕು.

೨೦೨೦ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ದೇಶದ ಕಾಲೇಜುಗಳೆಲ್ಲ ಮುಚ್ಚಿದುವು. ಪಾಠಗಳು ಫೋನಿನ ಮೂಲಕ ನಡೆದುವು. ಔಷಧ, ದಿನಸಿಗಳ ಅಂಗಡಿಗಳು ಅತಿ ಕಠಿನ ದಿನಗಳಲ್ಲಿಯೂ ಕೆಲವು ಗಂಟೆ ತೆರೆದಿದ್ದುವು. ವಿದ್ಯಾರ್ಥಿಯೊಬ್ಬನನ್ನೇ ನಂಬಿದ್ದ ಅಂಗಡಿಗೆ ಮಾತ್ರ ಬೀಗ ತೆಗೆದ ಮೇಲೂ ಗಿರಾಕಿ ಇರಲಿಲ್ಲ. ಪಲ್ಟಣ ಹೊರಟುಹೋದ ದಂಡಿನ ಪೇಟೆಯ ಸ್ಥಿತಿ ಅದು.

೬. ಮೂರು ಊರುಗಳು

ಮೇಲಿನ ತತ್ತ್ವಗಳನ್ನು ಈಗ ನಮ್ಮ ಮೂರು ಊರುಗಳಿಗೆ ಅನ್ವಯಿಸಿ ನೋಡಬಹುದು.

ಬಳ್ಳಾರಿ ನಗರದಲ್ಲಿ ವಿದ್ಯಾಸಂಸ್ಥೆಗಳು ದಂಡುಪ್ರದೇಶದಲ್ಲಿ ಒತ್ತಾಗಿವೆ. ೧೯೪೫ರಲ್ಲಿ ಸ್ಥಾಪಿತವಾದ ವೀರಶೈವ ಕಾಲೇಜು, ೧೯೬೧ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜು, ೧೯೮೦ರ ಎಂಜಿನಿಯರಿಂಗ್ ಕಾಲೇಜು, ೨೦೧೦ರ ವಿಶ್ವವಿದ್ಯಾಲಯ, ಹೀಗೆ ಹಲವು ತಲೆಮಾರುಗಳ ಸಂಸ್ಥೆಗಳು ನೆರೆಯಾಗಿರುವುದು ವ್ಯಾಪಾರಿಗೆ ದೊಡ್ಡ ಅನುಕೂಲ. ಒಂದರ ರಜೆ ಮತ್ತೊಂದರ ರಜೆಯೊಡನೆ ಪೂರ್ಣವಾಗಿ ಹೊಂದುವುದಿಲ್ಲ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಂತೂ ರಜೆಯೇ ಇಲ್ಲ, ರೋಗಿಗಳ ಬಂಧುಗಳು ವರ್ಷವಿಡೀ ಬರುತ್ತಾರೆ. ಆದುದರಿಂದ ಖಾನಾವಳಿ, ಔಷಧದ ಅಂಗಡಿ, ಝೆರಾಕ್ಸ್ ಅಂಗಡಿಗಳಿಗೆ ಎರಡು ಸಂಸ್ಥೆಗಳ ನಡುವಣ ಕೂಡುರಸ್ತೆ ಒಂದೇ ಸಂಸ್ಥೆಯ ಬಾಗಿಲಿಗಿಂತ ಮೇಲು. ಪಠ್ಯಪುಸ್ತಕ, ಬಟ್ಟೆ, ಮೊಬೈಲುಗಳ ವ್ಯಾಪಾರ ಹಾಗಲ್ಲ. ಅದು ಗಡಿಗಿ ಚನ್ನಪ್ಪ ವೃತ್ತದ ಸುತ್ತಣ ಹಳೆಯ ಪೇಟೆಯಂಥ ಕಡೆ, ಪ್ರತಿಸ್ಪರ್ಧಿಗಳ ನಡುವೆಯೇ ಚೆನ್ನಾಗಿ ನಡೆಯುತ್ತದೆ.

ಬಳ್ಳಾರಿ-ಸಿರುಗುಪ್ಪ ರಸ್ತೆಯಲ್ಲಿ ಸಿಂಧಿಗೇರಿಯ ಬಳಿ ೨೦೨೩ರಲ್ಲಿ ಕಾರ್ಯಾರಂಭ ಮಾಡಿದ ಕಿಷ್ಕಿಂದ ವಿಶ್ವವಿದ್ಯಾಲಯವು ಹೆದ್ದಾರಿಯ ಬದಿಯ ಆವರಣಕ್ಕೆ ನಿದರ್ಶನ. ಇಂಥ ಕಡೆ ಮಳಿಗೆ ಹಿಡಿಯುವವನು ಮೊದಲು ಪರೀಕ್ಷಿಸಬೇಕಾದುದು ವಿದ್ಯಾರ್ಥಿಗಳು ಯಾವ ವಾಹನದಲ್ಲಿ ಬಂದು ಎಲ್ಲಿ ಇಳಿಯುತ್ತಾರೆ ಎಂಬುದನ್ನು. ಸಂಸ್ಥೆಯ ಬಸ್ಸುಗಳು ಒಳಗೇ ಹೋಗಿ ನಿಂತು, ಸಂಜೆ ಅಲ್ಲಿಂದಲೇ ಹೊರಡುವುದಾದರೆ, ಸಾವಿರ ಮಂದಿ ಕಣ್ಣಮುಂದೆ ಹಾದುಹೋದರೂ ಬಾಗಿಲಿನ ಅಂಗಡಿಗೆ ಹತ್ತು ಮಂದಿ ಬಾರರು. ಸರ್ಕಾರಿ ಬಸ್ಸು ರಸ್ತೆಯಲ್ಲಿ ಇಳಿಸುವುದಾದರೆ ಆ ತಂಗುದಾಣವೇ ಪೇಟೆಯಾಗುತ್ತದೆ. ಲಾರಿ ಚಾಲಕರೂ ಸುತ್ತಣ ಹಳ್ಳಿಗಳ ರೈತರೂ ನಿಲ್ಲಬಹುದಾದ ಸ್ಥಳವಿದ್ದರೆ ರಜೆಯ ತಿಂಗಳುಗಳ ಕೊರತೆ ತುಂಬುತ್ತದೆ.

ಸಿರುಗುಪ್ಪ ತುಂಗಭದ್ರೆಯ ನೀರಿನಿಂದ ಬೆಳೆದ ಭತ್ತದ ಊರು. ಅಕ್ಕಿ ಗಿರಣಿಗಳ ಊರು. ಅಲ್ಲಿಯ ವಿದ್ಯಾರ್ಥಿಯ ಕೈಯ ಹಣವೂ ಬಹುಮಟ್ಟಿಗೆ ಭತ್ತದಿಂದಲೇ ಬರತಕ್ಕುದು. ಸುಗ್ಗಿಯಲ್ಲಿ ಮಾರಾಟ ಏರುತ್ತದೆ. ಕಾಲುವೆಗೆ ನೀರು ಬಾರದ ವರ್ಷ ಇಳಿಯುತ್ತದೆ. ಇಲ್ಲಿ ವಿದ್ಯಾರ್ಥಿಗೆಂದೇ ಮೀಸಲಾದ ಅಂಗಡಿಗಿಂತ, ಶಾಲಾ ಮಕ್ಕಳ ನೋಟುಪುಸ್ತಕ, ಕಾಲೇಜಿನವರ ಝೆರಾಕ್ಸ್, ರೈತರ ಅರ್ಜಿ-ದಾಖಲೆಗಳ ಕೆಲಸ ಇವನ್ನೆಲ್ಲ ಒಂದೇ ಮಳಿಗೆಯಲ್ಲಿ ಮಾಡಿಕೊಡುವ ಅಂಗಡಿಗೆ ಬಲ ಹೆಚ್ಚು. ಬಸ್ ನಿಲ್ದಾಣದಿಂದ ತಾಲೂಕು ಕಚೇರಿಗೆ ಹೋಗುವ ದಾರಿ ಇಂಥ ಅಂಗಡಿಗೆ ಒಪ್ಪುತ್ತದೆ.

ದೊಡ್ಡಬಸವೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಕುರುಗೋಡು ಇತ್ತೀಚೆಗೆ ತಾಲೂಕು ಕೇಂದ್ರವಾಯಿತು. ಹೊಸ ತಾಲೂಕಿನೊಡನೆ ಕಚೇರಿಗಳು ಬರುತ್ತವೆ,ಕಚೇರಿಗಳೊಡನೆ ದಿನವೂ ಬಂದು ಕಾಯುವ ಜನ ಬರುತ್ತಾರೆ. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಿರುವ ಇಂಥ ಊರಿನಲ್ಲಿ ಕ್ರಿಸ್ಟಾಲರನ ಮೊದಲ ಅಳತೆ ನಿರ್ಣಾಯಕವಾಗುತ್ತದೆ: ಕಡಿಮೆ ಗಿರಾಕಿಗಳಿಂದ ನಡೆಯಬಲ್ಲ ಕಸುಬುಗಳನ್ನೇ ಆರಿಸಬೇಕು. ಮುಂಜಾನೆ ಬಳ್ಳಾರಿಗೆ ಹೊರಡುವ ವಿದ್ಯಾರ್ಥಿಗಳಿಗೆ ಉಪಾಹಾರ, ಅನಂತರ ಕಚೇರಿಗೆ ಬಂದವರಿಗೆ ಚಹಾ, ಸಂಜೆ ಮರಳಿದವರಿಗೆ ಮಂಡಕ್ಕಿ-ಮಿರ್ಚಿ ಒದಗಿಸುವ ಒಂದು ಸಣ್ಣ ಅಂಗಡಿ ನಿಲ್ದಾಣದ ಬಳಿ ಮೂರು ಹೊತ್ತೂ ನಡೆಯಬಲ್ಲುದು.

೭. ರಸ್ತೆಯ ಬದಿ, ನೆರಳು, ಕರಾರು

ಸ್ಥೂಲವಾದ ಆಯ್ಕೆಯಾದ ಮೇಲೆ ಸೂಕ್ಷ್ಮವಾದವು ಉಳಿಯುತ್ತವೆ. ಒಂದೇ ರಸ್ತೆಯ ಎರಡು ಬದಿಗಳೂ ಸಮಾನವಲ್ಲ. ಕಾಲೇಜಿಗೆ ಹೋಗುವ ಬದಿಯಲ್ಲಿ ಪೆನ್ನು, ಝೆರಾಕ್ಸ್‌ಗಳು ಮಾರಾಟವಾಗುತ್ತವೆ. ಮನೆಗೆ ಮರಳುವ ಬದಿಯಲ್ಲಿ ತಿಂಡಿ ಮಾರಾಟವಾಗುತ್ತದೆ. ಬಳ್ಳಾರಿಯ ಬಿಸಿಲನ್ನು ಬಲ್ಲವರಿಗೆ ನೆರಳಿನ ಬೆಲೆಯನ್ನು ಹೇಳಬೇಕಾಗಿಲ್ಲ. ಉತ್ತರ-ದಕ್ಷಿಣವಾಗಿ ಹೋಗುವ ರಸ್ತೆಯಲ್ಲಿ ಪೂರ್ವಕ್ಕೆ ಮುಖಮಾಡಿದ ಮಳಿಗೆಯ ಮುಂದೆ ಮಧ್ಯಾಹ್ನದ ಅನಂತರ ಕಟ್ಟಡದ್ದೇ ನೆರಳು ಬೀಳುತ್ತದೆ. ಗಿರಾಕಿ ಅಲ್ಲಿ ನಿಲ್ಲುತ್ತಾನೆ. ಸಂಜೆಯ ಬೆಳಕು, ನಿರ್ಭಯವಾದ ದಾರಿ, ಎದುರಿಗೆ ಪುಂಡರ ಗುಂಪು ಸೇರದಿರುವುದು, ಇವುಗಳಿಲ್ಲದ ಕಡೆ ವಿದ್ಯಾರ್ಥಿನಿಯರು ಬರುವುದಿಲ್ಲ. ಅವರು ಬಾರದ ಅಂಗಡಿ ಗಿರಾಕಿಗಳ ಒಂದು ದೊಡ್ಡ ಭಾಗವನ್ನು ತಾನಾಗಿ ಕಳೆದುಕೊಂಡಂತೆ.

ಕಾನೂನಿನ ಕೆಲವು ಅಂಶಗಳನ್ನೂ ಗಮನಿಸತಕ್ಕುದು. ೨೦೦೩ರ ಕೇಂದ್ರ ಶಾಸನದಂತೆ ವಿದ್ಯಾಸಂಸ್ಥೆಗಳಿಂದ ನೂರು ಗಜದೊಳಗೆ ತಂಬಾಕು ಪದಾರ್ಥಗಳ ಮಾರಾಟ ನಿಷಿದ್ಧ. ಬೀಡಿ-ಸಿಗರೇಟಿನ ಲಾಭವನ್ನು ಲೆಕ್ಕಕ್ಕೆ ಹಿಡಿದು ಬಾಡಿಗೆ ಒಪ್ಪುವುದು ಸಲ್ಲದು. ಆಹಾರ ಮಾರುವವರು ೨೦೦೬ರ ಆಹಾರ ಸುರಕ್ಷತಾ ಶಾಸನದಂತೆ ನೋಂದಣಿಯನ್ನಾದರೂ ಪರವಾನಗಿಯನ್ನಾದರೂ ಪಡೆಯಬೇಕು. ಹೆದ್ದಾರಿಯ ಬದಿಯ ಮಳಿಗೆಯಾದರೆ ಆ ಭೂಮಿಯು ೧೯೬೪ರ ಕರ್ನಾಟಕ ಭೂಕಂದಾಯ ಶಾಸನದಂತೆ ಕೃಷಿಯೇತರ ಉಪಯೋಗಕ್ಕೆ ಪರಿವರ್ತಿತವಾಗಿದೆಯೇ, ಕಟ್ಟಡವು ರಸ್ತೆಯಿಂದ ಬಿಡಬೇಕಾದಷ್ಟು ಅಂತರ ಬಿಟ್ಟಿದೆಯೇ ಎಂಬುದನ್ನು ವಿಚಾರಿಸಬೇಕು. ರಸ್ತೆ ಅಗಲವಾದಾಗ ಮೊದಲು ಹೋಗುವುದು ಬಾಡಿಗೆದಾರನ ಅಂಗಡಿ.

ಒಂದು ವರ್ಷವನ್ನು ಮೀರಿದ ಬಾಡಿಗೆ ಕರಾರು ೧೯೦೮ರ ನೋಂದಣಿ ಶಾಸನದಂತೆ ನೋಂದಾಯಿತವಾಗಬೇಕು. ಇದನ್ನು ತಪ್ಪಿಸಲು ಹನ್ನೊಂದು ತಿಂಗಳ ಕರಾರು ಮಾಡುವ ರೂಢಿ ಎಲ್ಲೆಡೆ ಇದೆ. ವಿದ್ಯಾರ್ಥಿ ವ್ಯಾಪಾರದಲ್ಲಿ ಹೆಸರು ಗಳಿಸಲು ಒಂದೆರಡು ಶೈಕ್ಷಣಿಕ ವರ್ಷಗಳು ಬೇಕು. ಹೆಸರು ಬಂದ ಹೊತ್ತಿಗೆ ಮಾಲೀಕನು ಬಾಡಿಗೆಯನ್ನು ಇಮ್ಮಡಿಗೊಳಿಸಿದರೆ ದುಡಿದುದರ ಫಲ ಮತ್ತೊಬ್ಬರ ಪಾಲಾಗುತ್ತದೆ. ನೋಂದಣಿಯ ಖರ್ಚನ್ನು ಹೊತ್ತಾದರೂ ಮೂರು ವರ್ಷದ ಕರಾರನ್ನು, ಬಾಡಿಗೆ ಏರಿಕೆಯ ಪ್ರಮಾಣವನ್ನು, ಸಾಧ್ಯವಾದರೆ ಬೇಸಗೆಯ ತಿಂಗಳುಗಳ ರಿಯಾಯಿತಿಯನ್ನು ಬರಹದಲ್ಲಿ ಪಡೆಯುವುದು ವಿವೇಕ.

೮. ಕಾಲೇಜುಗಳು ಮಾಡಬಹುದಾದ ಕೆಲಸ

ಇಲ್ಲಿ ಹೇಳಿದ ತತ್ತ್ವಗಳಿಗೆ ಬಲ ಬರುವುದು ಎಣಿಕೆಯಿಂದ. ಅದು ನಮ್ಮ ವಾಣಿಜ್ಯ, ಅರ್ಥಶಾಸ್ತ್ರ, ಭೂಗೋಲ ವಿಭಾಗಗಳ ವಿದ್ಯಾರ್ಥಿಗಳ ಕೈಯಲ್ಲಿಯೇ ಇದೆ. ಒಂದು ಬೋಧನೆಯ ದಿನ, ಒಂದು ಪರೀಕ್ಷೆಯ ದಿನ, ಒಂದು ರಜಾದಿನ, ಹೀಗೆ ಮೂರು ದಿನಗಳಂದು ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಬಸ್ ನಿಲ್ದಾಣ, ಕಾಲೇಜಿನ ಬಾಗಿಲು, ಕೂಡುರಸ್ತೆ ಈ ಮೂರು ಕಡೆ ನಿಂತು, ಹಾದುಹೋಗುವವರೆಷ್ಟು, ನಿಲ್ಲುವವರೆಷ್ಟು, ಕೊಳ್ಳುವವರೆಷ್ಟು ಎಂದು ಗಂಟೆಗೊಮ್ಮೆ ಬರೆದುಕೊಂಡರೆ ಸಾಕು. ಮೂರು ಊರುಗಳಲ್ಲಿ ಪ್ರತಿವರ್ಷವೂ ಇದನ್ನು ಮಾಡಿ ಫಲಿತಾಂಶವನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಿದರೆ, ಅದಕ್ಕೆ ತಗಲುವ ಖರ್ಚು ಕೆಲವು ಹಾಳೆಗಳು ಮಾತ್ರ.

ಅಂಗಡಿ ಹಾಕಬೇಕೆಂದು ಬರುವವನ ಕೈಯಲ್ಲಿ ಇಂದು ಇರುವುದು ಮಾಲೀಕನ ಮಾತು, ದಲ್ಲಾಳಿಯ ಭರವಸೆ, ತನ್ನ ಆಸೆ, ಇಷ್ಟೇ. ಅವನ ಮಗನೋ ಮಗಳೋ ತರಗತಿಯಲ್ಲಿ ಕಲಿತ ಲೆಕ್ಕವನ್ನು ಬೀದಿಯಲ್ಲಿ ಮಾಡಿ ತಂದು ಅವನ ಕೈಗಿತ್ತರೆ, ಮುಂಗಡ ಕೊಡುವ ಮೊದಲು ಅವನು ಒಮ್ಮೆ ಯೋಚಿಸುವನು. ಕ್ರಿಸ್ಟಾಲರ್, ರೈಲಿ, ಹೊಟೆಲಿಂಗರ ಹೆಸರುಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುವವರಿಗೆ ಆ ಸಿದ್ಧಾಂತಗಳ ಅರ್ಥವೂ ಆಗಲೇ ತಿಳಿಯುವುದು.